ಕಳ್ಳಿ ಹೌದಂತ, ಆಳು ಅಲ್ಲಂತ

"ಜಾಡಸು. ಇನ್ನೊಮ್ಮಿ ಜಾಡಸು. ಉಡಿಯಾಗ ಏನ್ ಮುಚ್ಚಿಟ್ಟೀದಿ, ನಿಮ್ಮಪ್ಪನ ಗಂಟೇನ? ಬಿಚ್ಚಲೇ ಹಾದರಗಿತ್ತಿ!"

ಮ್ಯಾನೇಜರ್ ಶಿವಶರಣ ಗೋದಾಮಿನ ಗೇಟಿಗೆ ಅಡ್ಡಲಾಗಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ. ಬಾಯಲ್ಲಿ ಗುಟ್ಕಾ, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಬೆತ್ತ. ಕೋಟನೂರಿನ ಆ ಗೋದಾಮಿನಲ್ಲಿ ಸಂಜೆ ಕೆಲಸ ಬಿಡುವ ಹೆಂಗಸರೆಲ್ಲ ಸಾಲಾಗಿ ಬಂದು ಅವನೆದುರು ನೆರಿಗೆ ಬಿಚ್ಚಿ ಕೊಡವಿ, ಸೆರಗು ಜಾಡಿಸಿ, ತುರುಬು ಬಿಚ್ಚಿ ತೋರಿಸಿ ಹೊರಗೆ ಹೋಗಬೇಕು. ಗಂಡಸು ಹಮಾಲರಿಗೆ ಈ ತಪಾಸಣೆ ಇರಲಿಲ್ಲ. ಅವರ ಬೆನ್ನ ಮೇಲೆ ಚೀಲಕ್ಕೆ ಚೀಲವೇ ಹೋಗುತ್ತಿದ್ದುದರಿಂದ ಅದು ಯಾರ ಕಣ್ಣಿಗೂ ಕಳವಿನಂತೆ ಕಾಣುತ್ತಿರಲಿಲ್ಲ.

ಆ ಸಂಜೆ ಕಸ ಹೊಡೆಯುವ ಮಲ್ಕಮ್ಮನ ಉಡಿಯಿಂದ ಒಂದು ಬೊಗಸೆ ತೊಗರಿ ಸುರಿಯಿತು. ಪೇರಿಸಿದ ಚೀಲಗಳ ಥಪ್ಪಿಯ ಬುಡದಲ್ಲಿ ಚೆಲ್ಲಿ, ಇಲಿಯ ಹಿಕ್ಕೆ ಬೆರೆತು, ಕಸದ ಬುಟ್ಟಿಗೆ ಹೋಗಬೇಕಿದ್ದ ಕಾಳು. ಇಲಿ ತಿಂದರೆ ಅದು ಸವಕಳಿ, ಆಳು ತಿಂದರೆ ಕಳವು. ಗೋದಾಮಿನ ಕಾಯಿದೆ ಹಾಗಿತ್ತು.

"ಕಸದಾಗಿಂದರೀ ಅಪ್ಪಾ," ಅಂದಳು ಮಲ್ಕಮ್ಮ. "ಹೆಂಗೂ ಚೆಲ್ತಿದ್ರಿ."

"ಕಸಾನೂ ಸಾವ್ಕಾರ್ರದೇ. ನಿನ್ನ ಮೈಮ್ಯಾಲಿನ ಧೂಳಾನೂ ಸಾವ್ಕಾರ್ರದೇ. ಕುಂದ್ರು ಕೆಳಗ. ಒಂದೊಂದು ಕಾಳು ಆರಿಸಿ ಮತ್ತ ಒಳಗ ಒಯ್ದು ಹಾಕು. ಒಂದು ಉಳೀತಂದ್ರ ನಾಲಿಗಿಲೆ ನೆಕ್ಕಸ್ತೀನಿ."

ಅವಳು ಕುಕ್ಕರಗಾಲಲ್ಲಿ ಕೂತು ಮಣ್ಣಿನಿಂದ ಕಾಳು ಆರಿಸತೊಡಗಿದಳು. ಹಿಂದೆ ನಿಂತಿದ್ದ ಗೆಳತಿ ಮಸ್ತಾನಬಿ ಬಗ್ಗಿ ಕೈಹಚ್ಚಲು ಬಂದವಳು ಬೆತ್ತದ ತುದಿ ನೋಡಿ ಹಿಂದೆ ಸರಿದಳು. ಆಚೆ ಲಾರಿಗೆ ಚೀಲ ಹೊರುತ್ತಿದ್ದ ರೇವಣ, ಮಲ್ಕಮ್ಮನ ಒಡಹುಟ್ಟಿದ ತಮ್ಮ, ಅಕ್ಕನ ಕಡೆ ಒಂದು ಸಲ ನೋಡಿ ಮುಖ ತಿರುಗಿಸಿದ. ತಲೆಯ ಮೇಲೆ ಚೀಲವಿದ್ದವನು ಬೇರೇನು ಮಾಡಿಯಾನು?

ಅಷ್ಟರಲ್ಲಿ ಒಂದು ಜೀಪು ಬಂದು ನಿಂತಿತು. ಇಳಿದವನು ಕಮಲಾಪುರದ ದೇವೀಂದ್ರಪ್ಪ. ಸಂಕ್ರಾಂತಿಯ ಹೊತ್ತಿಗೆ ರಾಶಿ ಮಾಡಿದ ತೊಗರಿಯನ್ನೆಲ್ಲ ಬಾಡಿಗೆ ಕೊಟ್ಟು ಇದೇ ಗೋದಾಮಿನಲ್ಲಿ ಇಟ್ಟಿದ್ದ. ಈಗ ಧಾರಣೆ ಏರಿತ್ತು. ಮೀಸೆಯೂ ಏರಿತ್ತು. ಗೋದಾಮಿನ ಒಡೆಯ ವಿವೇಕಾನಂದ ಸಾಹುಕಾರ ಗಾಜಿನ ಆಫೀಸಿನಿಂದ ಎರಡೂ ಕೈ ಮುಗಿದುಕೊಂಡೇ ಹೊರಗೆ ಬಂದ.

"ಶರಣ್ರಿ ಗೌಡ್ರ. ಚಹಾ ಕುಡೀರಿ ಮದಲ."

"ಚಹಾ ಆಮ್ಯಾಲಾತು. ಮಾಲು ತೋರ್ಸ್ರಿ. ಗಿರಾಕಿ ಹಾದಿ ಕಾಯಾಕತ್ತಾನ."

ದೇವೀಂದ್ರಪ್ಪನ ಥಪ್ಪಿ ಮೂಲೆಯಲ್ಲಿ ಮೊದಲಿದ್ದಂತೆಯೇ ಇತ್ತು. ಎದುರಿನ ಸಾಲಿನ ಚೀಲಗಳ ಮೇಲೆ ಅವನ ಹೆಸರು ನೀಲಿ ಬಣ್ಣದಲ್ಲಿ ಹೊಳೆಯುತ್ತಿತ್ತು. ರೇವಣ ಕೊಕ್ಕೆ ಹಾಕಿ ಒಂದು ಚೀಲ ಎಳೆದ. ಚೀಲ ಬೆಂಡಿನಂತೆ ಹಾರಿ ಬಂತು. ದೇವೀಂದ್ರಪ್ಪ ಅದರ ಬಾಯಿ ಹರಿದ. ಒಳಗಿದ್ದದ್ದು ತೊಗರಿಯಲ್ಲ, ತೊಗರಿಯ ಹೊಟ್ಟು. ಎರಡನೆಯದು ಹೊಟ್ಟು. ಮೂರನೆಯದನ್ನು ಬಿಚ್ಚುವ ಮೊದಲೇ ಆತ ಥಪ್ಪಿಯ ಮೇಲೆ ಹತ್ತಿ ನೋಡಿದ. ಎದುರಿನ ಒಂದು ಸಾಲು ಬಿಟ್ಟರೆ ಹಿಂದೆ ಏನೂ ಇರಲಿಲ್ಲ, ಬಾವಿಯಂತೆ ಬಯಲು.

"ಏನ್ರೀ ಇದು ವಿವೇಕಾನಂದಪ್ಪ? ನನ್ನ ತೊಗರಿ ಎಲ್ಯದ?"

ಸಾಹುಕಾರನ ಕಣ್ಣು ಅತ್ತಿತ್ತ ಓಡಿ ಗೇಟಿನ ಬಳಿ ನಿಂತಿತು. ಅಲ್ಲಿ ಮಣ್ಣಲ್ಲಿ ಕುಕ್ಕರಿಸಿದ ಹೆಂಗಸು, ಅವಳ ಬೊಗಸೆಯಲ್ಲಿ ತೊಗರಿ. ಕಳ್ಳನನ್ನು ಹುಡುಕುವ ತ್ರಾಸವೂ ಇಲ್ಲದಂತೆ ದೇವರು ಸಿದ್ಧಮಾಡಿ ಕೂರಿಸಿದ್ದ.

"ನೋಡ್ರಿ ಗೌಡ್ರ, ನೋಡ್ರಿ ಈಕಿನ! ನನ್ನ ಆಳು, ನನ್ನ ಅನ್ನ ತಿಂದಾಕಿ, ನನಗs ಬೆನ್ನಿಗಿ ಚೂರಿ ಹಾಕ್ಯಾಳ! ನನ್ನ ಗೋದಾಮಿನ ಆಳುಗಳs ನನ್ನ ಮನಿ ಮುಣುಗಿಸಿದ್ವು. ನಾ ಏನ್ ಮಾಡ್ಲಿ, ನೀವೇ ಹೇಳ್ರಿ!"

ಇಷ್ಟು ವರ್ಷ ಕಸ ಹೊಡೆದರೂ ಸಾಹುಕಾರ ಅವಳನ್ನು ನನ್ನ ಆಳು ಅಂದದ್ದನ್ನು ಮಲ್ಕಮ್ಮ ಕೇಳಿದ್ದು ಅದೇ ಮೊದಲು.

"ಇಡೀ ಥಪ್ಪಿ ಈಕಿ ಉಡಿಯಾಗ ಹೋತೇನ್ರಿ?" ಅಂದ ದೇವೀಂದ್ರಪ್ಪ.

"ದಿನಾ ಮುಟಿಗಿ ಮುಟಿಗಿ ಒಯ್ದಾರ್ರಿ. ವರ್ಷಾನುಗಟ್ಲೆ ಒಯ್ದಾರ!"

"ನಾ ಇಟ್ಟಿದ್ದು ಮೊನ್ನಿ ಸಂಕ್ರಾಂತಿಗಿ ಅಲ್ಲೇನ್ರಿ?"

ಸಾಹುಕಾರ ಶಿವಶರಣನಿಗೆ ಕಣ್ಸನ್ನೆ ಮಾಡಿದ. ಮಲ್ಕಮ್ಮನ ಜುಟ್ಟಿಗೆ ಕೈಹಾಕಿ ಎಬ್ಬಿಸಿದ ಶಿವಶರಣ ಅವಳ ಕೆನ್ನೆಗೆ ಒಂದು ಬಿಟ್ಟ. ಬೊಗಸೆಯ ಕಾಳು ಮತ್ತೆ ಮಣ್ಣಿಗೆ ಬಿತ್ತು.

ಠಾಣೆಯಲ್ಲಿ ಅವಳನ್ನು ಬೆಂಚಿನ ಮೇಲೆ ಕೂರಿಸಲಿಲ್ಲ, ಗೋಡೆಗೆ ನಿಲ್ಲಿಸಿದರು. ಅವಳು ಬಾಡಿಗೆಗಿದ್ದ ತಗಡಿನ ಖೋಲಿಗೆ ಹೋಗಿ ಒಂದು ಡಾಲ್ಡಾ ಡಬ್ಬಿಯಲ್ಲಿದ್ದ ಬೇಳೆಯನ್ನು ಹಿಡಿದು ತಂದರು. ಆ ಡಬ್ಬಿಯ ಜೊತೆ ಅವಳ ಫೋಟೋ ತೆಗೆದರು. ಮರುದಿನ ಅದು ಮೊಬೈಲಿನಿಂದ ಮೊಬೈಲಿಗೆ ಹಾರಿ ಕಲಬುರಗಿಯೆಲ್ಲ ತಿರುಗಿತು. ಥಪ್ಪಿಗೆ ಥಪ್ಪಿ ತಿಂದ ಕಳ್ಳಿಯ ಕೈಯಲ್ಲಿ ಒಂದು ಡಾಲ್ಡಾ ಡಬ್ಬಿ. ನೋಡಿದವರು ಯಾರೂ ನಗಲಿಲ್ಲ ಎನ್ನುವುದೇ ಸೋಜಿಗ.

"ಖರೆ ಹೇಳ್ತೀನ್ರಿ ಸಾಹೇಬ್ರ," ಅಂದಳು ಮಲ್ಕಮ್ಮ. "ಅಮಾಸಿ ದಿನ, ಅಡತಿ ಅಂಗಡಿ ಎಲ್ಲಾ ಬಂದ್ ಇದ್ದಾಗ, ಹಾಡಹಗಲಿ ಲಾರಿ ಬಂದಿತ್ರಿ. ಶಿವಶರಣಪ್ಪ ನಿಂತು ತುಂಬಿಸ್ಯಾನ. ನಮಗ ಹೆಣ್ಮಕ್ಕಳಿಗಿ ಖಾಲಿ ಚೀಲಕ್ಕ ಹೊಟ್ಟು ತುಂಬ್ರಿ ಅಂದ. ಸಾವ್ಕಾರ್ರ ಹುಕುಂ ಅದ ಅಂದ."

ಫೌಜದಾರ ನಕ್ಕ. "ಅಮಾಸಿ ದಿನ ಯಾವ ಮಗ ಗೋದಾಮು ತಗೀತಾನ? ಒಬ್ಬ ಮರ್ಯಾದಿ ಮನಷ್ಯಾನ ಹೆಸರು ತಗೀತಿ ಏನಲೇ?"

ಹೆಣ್ಣು ಪೇದೆಯೊಬ್ಬಳು ಬಂದು ಮರ್ಯಾದೆ ಕಲಿಸಿದಳು. ಆಮೇಲೆ ಮಲ್ಕಮ್ಮ ಅಮಾವಾಸ್ಯೆಯ ಸುದ್ದಿ ಎತ್ತಲಿಲ್ಲ.

ಅವಳನ್ನು ಜಾಮೀನಿನ ಮೇಲೆ ಬಿಡಿಸಿ ತಂದದ್ದು ಮಸ್ತಾನಬಿ. ತನ್ನ ಅಣ್ಣನ ಕೈಕಾಲು ಹಿಡಿದು, ಅವನ ಮನೆಯ ಪತ್ರ ಇಡಿಸಿ ಬಿಡಿಸಿದಳು. "ಅಲ್ಲಾ ನೋಡ್ತಾನ ಬಿಡು," ಅಂದಳು ಠಾಣೆಯ ಮೆಟ್ಟಿಲಲ್ಲಿ, "ಆದ್ರ ಉಸ್ಕೋ ಬಹುತ್ ಕಾಮ್ ರಹತಾ ನಮ್ಮವ್ವ, ಭಾಳ ಕೆಲಸ ಅವಂಗ, ಕಲಬುರಗಿ ತನಾ ಬರ್ಲಾಕ ತಡಾ ಆಗ್ತದ."

ಖೋಲಿಯ ಒಡತಿ ಪಾತ್ರೆಗಳನ್ನು ಆಗಲೇ ಅಂಗಳಕ್ಕೆ ಎಸೆದಿದ್ದಳು. ಮಲ್ಕಮ್ಮ ಗಂಟು ಕಟ್ಟಿಕೊಂಡು ತವರಾದ ಕಮಲಾಪುರದ ಬಸ್ಸು ಹತ್ತಿದಳು. ಅವಳ ಗಂಡ ಸತ್ತು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಊರ ಹೊರಗಿನ ಕೇರಿಯಲ್ಲಿ ರೇವಣನ ಹೆಂಡತಿ ರಾಧಿಕಾ ಇದ್ದಳು. ರೇವಣ ವಾರವೆಲ್ಲ ಗೋದಾಮಿನ ಶೆಡ್ಡಿನಲ್ಲೇ ಬಿದ್ದಿರುತ್ತಿದ್ದ. ಗಂಡನ ಅಕ್ಕನನ್ನು ಕಂಡ ರಾಧಿಕಾ ಒಲೆಯ ಮೇಲೆ ಇನ್ನೊಂದು ರೊಟ್ಟಿ ಬಡಿದು ಹಾಕಿದಳು.

ಕೆಲವು ದಿನ ಕಳೆದ ಮೇಲೆ ಕೇರಿಯ ಬಾಯಲ್ಲಿದ್ದ ಬೇವಿನ ಮರದಡಿ ಜೀಪು ಬಂದು ನಿಂತಿತು. ದೇವೀಂದ್ರಪ್ಪ ಕೇರಿಯೊಳಗೆ ಕಾಲಿಡಲಿಲ್ಲ. ಅಲ್ಲಿಂದಲೇ ಕೂಗಿದ.

"ಏ ಮಲ್ಕೀ... ಅಲ್ಲ, ಮಲ್ಕವ್ವಾ! ಜರಾ ಬಾ ಇಲ್ಲಿ."

ಅವನ ಕೈಯಲ್ಲಿ ಕಮಲಾಪುರದ ಕೆಂಬಾಳೆಯ ಒಂದು ಚಿಪ್ಪು ಇತ್ತು. ಅವಳು ಹತ್ತಿರ ಬಂದಾಗ ಅದನ್ನು ಅವಳ ಕೈಗೆ ಕೊಡದೆ ನಡುವಿನ ಕಲ್ಲಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

"ನಮ್ಮ ತ್ವಾಟದ್ದು. ತಿನ್ನು. ನೀ ಕಳ್ಳಿ ಅಂತ ನಾ ಒಂದಿನಾನೂ ಅಂದಿಲ್ಲವ್ವಾ. ಉಡಿಯಾಗ ಅಷ್ಟು ತೊಗರಿ ಒಯ್ಯಾಕ ನೀ ಏನ್ ಆನಿ ಏನ? ಆದ್ರ ಒಂದು ಮಾತು. ನಾ ಗ್ರಾಹಕರ ಕೋರ್ಟಿಗಿ ಹೋಗೀನಿ. ನಮ್ಮ ವಕೀಲ ಜಹೀರುದ್ದೀನ್ ಸಾಹೇಬ್ರು ಹೇಳ್ಯಾರ, ಆಳು ಮಾಲಕನ ಕೆಲಸದ ಮ್ಯಾಲ ಇದ್ದಾಗ ಕಳವು ಮಾಡಿದ್ರ ಮಾಲಕನೇ ತುಂಬಿಕೊಡಬೇಕಂತ. ಕಾಯಿದೆ ಹಂಗದ ಅಂತ. ಆ ಹಡಬಿಟ್ಟಿ ವಿವೇಕಾನಂದ ಈಗ ನೀವ್ಯಾರೂ ಅವನ ಆಳುಗಳೇ ಅಲ್ಲ ಅಂತ ಬರದು ಕೊಟ್ಟಾನ. ನೀ ಬಂದು ಆಳು ಅಂತ ಹೇಳು, ಅಷ್ಟs."

"ಅಲ್ಲಂತಾನ್ರಿ?" ಮಲ್ಕಮ್ಮನಿಗೆ ಕಿವಿ ಸರಿಯಾಗಿ ಕೇಳಲಿಲ್ಲವೇನೋ ಅನ್ನಿಸಿತು. "ಅವತ್ತು ನನ್ನ ಆಳು, ನನ್ನ ಆಳು ಅಂತ ಎದಿ ಬಡಕೊಂಡನಲ್ರಿ?"

"ಅವತ್ತು ಕಾಯಿದೆ ಗೊತ್ತಿರ್ಲಿಲ್ಲ ಅವಂಗ."

"ಬಂದು ಹೇಳ್ತೀನ್ರಿ. ನಾ ಕದ್ದಿಲ್ಲಂತನೂ ಹೇಳ್ಲ್ಯಾ?"

ದೇವೀಂದ್ರಪ್ಪ ಕುತ್ತಿಗೆ ತುರಿಸಿಕೊಂಡ. "ಅದನ್ನ್ಯಾಕ ಹೇಳ್ತಿ? ಆಳುಗಳು ಕದ್ದಿಲ್ಲಾಂದ್ರ ನನ್ನ ಕೇಸು ಹೆಂಗ ನಿಲ್ತದ? ನೀ ಸುಮ್ಕಿರು, ಆಳು ಅನ್ನು ಸಾಕು. ಉಳಿದಿದ್ದು ಜಹೀರುದ್ದೀನ್ ಸಾಹೇಬ್ರು ನೋಡ್ಕೋತಾರ."

ಜೀಪು ಧೂಳೆಬ್ಬಿಸಿ ಹೋಯಿತು. ರಾಧಿಕಾ ಬಾಗಿಲಲ್ಲೇ ನಿಂತು ಕಲ್ಲಿನ ಮೇಲಿನ ಹಣ್ಣು ನೋಡಿದಳು. "ನಾಯಿಗಿ ಇಟ್ಟಂಗ ಇಟ್ಟು ಹೋದ ನೋಡು, ಸೂಳಿಮಗ. ಅವನ ತೊಗರಿ ಹೋಗ್ಯಾದ ಅಂತ ನಮ್ಮ ಕೇರಿ ಹಾದಿ ಗೊತ್ತಾತು."

ಹಣ್ಣನ್ನು ಯಾರದೋ ಆಡು ಸಿಪ್ಪೆ ಸಮೇತ ತಿಂದು ಹೋಯಿತು.

ಆ ವಾರದ ಕೊನೆಗೆ ರೇವಣ ಬಂದ. ಅಕ್ಕನ ಮುಖ ನೋಡದೆ ಚಪ್ಪಲಿ ಬಿಡುತ್ತ, "ಸಾವ್ಕಾರ್ರು ಕರದಾರ," ಅಂದ. "ಮನಿಗೇ ಬಾ ಅಂದಾರ. ಮಾತಾಡ್ತಾರಂತ."

"ನೀ ಏನಾಗಿ ಬಂದೀದಿ? ನನ್ನ ತಮ್ಮ ಆಗ್ಯೊ, ಅವರ ಜವಾನ ಆಗ್ಯೊ?"

ರೇವಣ ಚಪ್ಪಲಿಯನ್ನು ಗೋಡೆಗೆ ಸರಿಸಿಟ್ಟ.

ಕಲಬುರಗಿಯ ಜಗತ್ ವೃತ್ತದ ಹಿಂದಿನ ಓಣಿಯಲ್ಲಿ ಸಾಹುಕಾರನ ಮನೆ. ಕೆಳಗೆ ಬಟ್ಟೆಯಂಗಡಿ, ಮೇಲೆ ಅಮೃತಶಿಲೆಯ ಪಡಸಾಲೆ. ಚಪ್ಪಲಿ ಬಿಡುವ ಜಾಗದಲ್ಲಿ ಮಲ್ಕಮ್ಮನಿಗೆ ಕೂರಲು ಹೇಳಿದರು. ಒಳಗೆ ಸೋಫಾದ ಮೇಲೆ ವಿವೇಕಾನಂದ ಸಾಹುಕಾರ, ಪಕ್ಕದಲ್ಲಿ ಅವನ ವಕೀಲೆ ಶೀಲಾ. ಅವರಿಬ್ಬರಿಗೆ ಪಿಂಗಾಣಿ ಕಪ್ಪಿನಲ್ಲಿ ಚಹಾ ಬಂತು, ಅವಳಿಗೆ ಕಾಗದದ ಲೋಟದಲ್ಲಿ.

"ಹ್ಯಾಂಗದೀ ಮಲ್ಕಮ್ಮ? ಆರಾಮ?" ಅಂದ ಸಾಹುಕಾರ. ಅವಳ ಪೂರ್ತಿ ಹೆಸರು ಅವನಿಗೆ ಗೊತ್ತಿತ್ತು ಎಂಬುದೂ ಅವಳಿಗೆ ಆ ದಿನವೇ ಗೊತ್ತಾದದ್ದು.

"ಠಾಣೇದಾಗ ಹೊಡದದ್ದು ಇನ್ನಾ ನೋಯ್ತದ್ರಿ."

"ಅರೇ, ಪೊಲೀಸ್ನೋರು ಅಂದ್ರ ಹಂಗs. ನಾ ಹೊಡೀರಿ ಅಂದಿದ್ನೇನು? ಇರಲಿ. ಮೇಡಂನವರು ಹೇಳೋದು ಕೇಳು."

ಶೀಲಾ ಕನ್ನಡಕ ಸರಿಪಡಿಸಿಕೊಂಡಳು. "ನೋಡಮ್ಮ, ಇದರಾಗ ತಲಿ ಕೆಡಿಸ್ಕೊಳ್ಳೋದು ಏನಿಲ್ಲ. ನೀನು ಸಾಹುಕಾರ್ರ ಕೆಲಸದಾಗ ಇರ್ಲಿಲ್ಲ. ಗೋದಾಮಿನ ಹೊರಗ ಬಿದ್ದ ಕಸ ಆರಿಸ್ಕೋಳಾಕ ಬರ್ತಿದ್ದಿ. ಬಡವಿ ಅಂತ ಅವರು ಬಿಟ್ಟಿದ್ರು. ಕೋರ್ಟಿನ್ಯಾಗ ಯಾರರೆ ಕೇಳಿದ್ರ ಇಷ್ಟ ಹೇಳು."

"ಅಂದ್ರ ನಾ ಇವರ ಗೋದಾಮಿನ್ಯಾಗ ಕಸ ಹೊಡದಿದ್ದು, ಚೀಲ ಹೊಲದಿದ್ದು?"

"ಹೊಡದಿಲ್ಲ. ಹೊಲದಿಲ್ಲ."

"ತೊಗರಿ ಕದ್ದಿದ್ದು?"

ಶೀಲಾ ಸಾಹುಕಾರನ ಕಡೆ ನೋಡಿದಳು. ಸಾಹುಕಾರ ಚಹಾ ಹೀರಿದ. "ಅದು ಪೊಲೀಸರಿಗಿ ಬಿಟ್ಟ ವಿಷಯ," ಅಂದಳು ಶೀಲಾ.

"ಅಂದ್ರ ಕಳ್ಳಿ ಹೌದು, ಆಳು ಅಲ್ಲ."

"ನೋಡ್ರಿ, ನೋಡ್ರಿ ಮೇಡಂ!" ಸಾಹುಕಾರ ತೊಡೆ ತಟ್ಟಿದ. "ಸಾಲಿ ಕಲೀಲಾರ್ದಾಕಿ, ಎಷ್ಟ್ ಲಗೂ ತಿಳ್ಕೊಂಡ್ಳು! ನಾ ಹೇಳಿದ್ನಿಲ್ಲ, ಶಾಣೇಕಿ ಅದಾಳ ಅಂತ? ಪೊಲೀಸ್ ಕೇಸು ನಾ ಹಗುರ ಮಾಡಸ್ತೀನಿ ಮಲ್ಕಮ್ಮ. ಆಮ್ಯಾಲ ಕುಸನೂರ್ದಾಗ ನಮ್ಮದು ಹೊಸ ಮನಿ ಆಗ್ಲಾಕತ್ತದ. ಅಲ್ಲೇ ಬಂದು ಇರು."

"ಆಳಾಗೇನ್ರಿ?"

"ಛೇ ಛೇ, ಆಳ್ಯಾಕ? ಮನೀ ಮಗಳಿದ್ದಂಗ ಇರು."

ಚಪ್ಪಲಿಗಳ ನಡುವೆ ಕೂತಿದ್ದ ಮನೆಯ ಮಗಳು ಕಾಗದದ ಲೋಟವನ್ನು ಅಲ್ಲೇ ನೆಲಕ್ಕಿಟ್ಟು ಎದ್ದಳು. ಚಹಾ ಹಾಗೇ ಇತ್ತು.

ಬಸ್ ನಿಲ್ದಾಣದ ತನಕ ರೇವಣ ಹಿಂದೆ ಹಿಂದೆ ಬಂದ. ಕಮಲಾಪುರದ ಬಸ್ಸು ಕಂಡಾಗ ಅವನು ಅಕ್ಕನ ಸೆರಗು ಹಿಡಿದ.

"ಅಕ್ಕಾ, ನೀ ಕೋರ್ಟಿನ್ಯಾಗ ಅಮಾಸಿದು ಹೇಳ್ತೀ ಅಲ್ಲಾ?"

"ಹೇಳ್ಲಾರ್ದ ಏನ್ ಮಾಡ್ಲಿ?"

"ಚೀಲ ಹೊತ್ತಿದ್ದು ನಾನs. ನಾನೂ, ಉಳಿದ ಹಮಾಲರೂ. ಶಿವಶರಣ ಹೇಳ್ಯಾನ, ಬಾಯಿ ಬಿಟ್ರ ಮದಲ ನನ್ನ ಹೆಸರs ಬರಸ್ತೀನಿ ಅಂತ. ನಾ ಒಳಗ ಹೋದ್ರ ರಾಧಿಕಾ ಏನ್ ತಿನ್ಬೇಕು? ನಿನ್ನ ಕಾಲ ಬೀಳ್ತೀನಿ. ಕಸ ಆರಿಸಾಕಿ ಅನ್ನು, ಮುಗಸು. ನಮಗ ಇದೆಲ್ಲಾ ಹೊಸಾದೇನ?"

ಅವಳು ಸೆರಗು ಬಿಡಿಸಿಕೊಂಡಳು. "ನಾ ಮಣ್ಣಾಗ ಕಾಳು ಆರಸೂವಾಗ ನೀ ಮಾರಿ ತಿರುವಿದಿ. ನಾ ಏನರೆ ಅಂದ್ನೇನ?"

"ತಲಿಮ್ಯಾಲ ಚೀಲ ಇತ್ತಕ್ಕಾ."

"ಈಗ ಇಲ್ಲಲ್ಲ," ಅಂದು ಬಸ್ಸು ಹತ್ತಿದಳು.

ದಾರಿಯುದ್ದಕ್ಕೂ ಕಿಟಕಿಗೆ ತಲೆ ಆನಿಸಿ ಕೂತಳು. ಇಬ್ಬರು ದೊಡ್ಡವರು ಅವಳ ಬೆನ್ನು ಹತ್ತಿದ್ದರು. ಒಬ್ಬನಿಗೆ ಅವಳು ಆಳಾಗಬಾರದು, ಇನ್ನೊಬ್ಬನಿಗೆ ಆಳಾಗಬೇಕು. ಕಳ್ಳಿಯಾಗುವುದು ಮಾತ್ರ ಇಬ್ಬರಿಗೂ ಬೇಕಿತ್ತು. ತಮ್ಮನಿಗೆ ಅವಳು ಏನೂ ಆಗದೆ ಸುಮ್ಮನಿದ್ದರೆ ಸಾಕಾಗಿತ್ತು. ಅವಳಿಗೆ ಸಿಟ್ಟಿಗಿಂತ ಮೊದಲು ನಗೆ ಬಂತು. ಪಕ್ಕದ ಸೀಟಿನ ಮುದುಕಿ ಗಾಬರಿಯಾಗಿ ಸರಿದು ಕೂತಳು.

ಗ್ರಾಹಕರ ಕೋರ್ಟಿನ ಹಾಲ್ ಸಣ್ಣದಿತ್ತು, ಫ್ಯಾನು ದೊಡ್ಡ ಸದ್ದು ಮಾಡುತ್ತಿತ್ತು. ಮುಂದೆ ಅಧ್ಯಕ್ಷರು ಕೂತಿದ್ದರು. ಒಂದು ಬದಿಗೆ ದೇವೀಂದ್ರಪ್ಪ ಮತ್ತು ಅವನ ವಕೀಲ ಜಹೀರುದ್ದೀನ್, ಇನ್ನೊಂದು ಬದಿಗೆ ಸಾಹುಕಾರ, ಶಿವಶರಣ, ಶೀಲಾ. ಬಾಗಿಲ ಬಳಿ ಗೋಡೆಗೆ ಒರಗಿ ಹಮಾಲರು ನಿಂತಿದ್ದರು. ಸಾಹುಕಾರನೇ ಕರೆಸಿದ್ದ, ಬೇಕಾದರೆ ತನ್ನ ಪರವಾಗಿ ಹೇಳಲಿ ಎಂದು. ಅವರ ನಡುವೆ ರೇವಣನೂ ಇದ್ದ.

ಒಳಗೆ ಹೋಗುವ ಮುಂಚೆ ಜಹೀರುದ್ದೀನ್ ಅವಳನ್ನು ವರಾಂಡದಲ್ಲಿ ನಿಲ್ಲಿಸಿ ಮೆಲ್ಲಗೆ ಹೇಳಿದ್ದರು. "ನೋಡವ್ವ, ನಾನು ದೇವೀಂದ್ರಪ್ಪನ ವಕೀಲ, ನಿನ್ನ ವಕೀಲ ಅಲ್ಲ. ಆದ್ರೂ ಹೇಳ್ತೀನಿ. ಕಳವಿನ್ಯಾಗ ನಿನ್ನ ಕೈ ಇತ್ತು ಅಂತ ಬಾಯಿಬಿಟ್ಟು ಅಂದಿ ಅಂದ್ರ ನಾಳಿ ಪೊಲೀಸರು ಅದನ್ನs ಹಿಡೀತಾರ. ಹೋಶಿಯಾರ್ ಇರು." ಆ ಊರಲ್ಲಿ ಅವಳಿಗೆ ನಷ್ಟವಾಗುವ ಮಾತನ್ನು ಮುಂಚೆಯೇ ಎಚ್ಚರಿಸಿದವರು ಅವರೊಬ್ಬರೇ.

ಶೀಲಾ ಎದ್ದು ನಿಂತು ಚೆಂದವಾಗಿ ಮಾತಾಡಿದಳು. ಗೋದಾಮಿನಲ್ಲಿ ಸಾಹುಕಾರರಿಗೆ ನೌಕರರೇ ಇಲ್ಲ. ಹಮಾಲರು ಸ್ವತಂತ್ರರು, ಎಲ್ಲಿ ಲಾರಿ ಬಂತೋ ಅಲ್ಲಿ ಹೋಗುವವರು. ಹೆಂಗಸರು ಕಸ ಆರಿಸುವವರು. ಹೊರಗಿನವರು ಕದ್ದರೆ ಸಾಹುಕಾರರು ಹೇಗೆ ಹೊಣೆ?

"ಇವರು?" ಅಧ್ಯಕ್ಷರು ಶಿವಶರಣನ ಕಡೆ ಪೆನ್ನು ತೋರಿಸಿದರು. "ಇವರು ಅಲ್ಲಿಯ ಮ್ಯಾನೇಜರ್ ಅಂತ ದೂರುದಾರರು ಹೇಳಿದ್ದಾರೆ."

"ಇಲ್ಲ ಸರ್. ಇವರು ನಮ್ಮ ಕಕ್ಷಿದಾರರ ಹೆಂಡತಿಯ ತಮ್ಮ. ಅಕ್ಕನ ಮನೆ ಅಂತ ಆಗಾಗ ಬಂದು ಕೂತು ಹೋಗ್ತಾರೆ. ಅಷ್ಟೇ."

ಶಿವಶರಣ ಬಾಯಿ ತೆರೆದ. ಬುಲೆಟ್ ಗಾಡಿಯ ಮುಂದೆ, ಮಗನ ಜವಳದ ಆಮಂತ್ರಣದಲ್ಲಿ, ಎಲ್ಲೆಲ್ಲೂ ಮ್ಯಾನೇಜರ್ ಎಂದು ಬರೆಸಿಕೊಂಡ ಮನುಷ್ಯ. ಸಾಹುಕಾರ ಭಾವ ಒಂದು ಸಲ ಕತ್ತು ತಿರುಗಿಸಿ ನೋಡಿದ. ತೆರೆದ ಬಾಯಿ ಮುಚ್ಚಿತು. ಮಲ್ಕಮ್ಮ ಅವನನ್ನೇ ನೋಡುತ್ತಿದ್ದಳು. ಅವನೂ ನೋಡಿದ, ಮೊದಲು ಕಣ್ಣು ತಗ್ಗಿಸಿದವನು ಅವನು.

ಅವಳನ್ನು ಕರೆದರು.

"ನೀವು ಇವರ ಗೋದಾಮಿನಲ್ಲಿ ಕೆಲಸ ಮಾಡ್ತಿದ್ದಿರಾ?"

"ಮಾಡೀನ್ರಿ ಸಾಹೇಬ್ರ."

ಶೀಲಾ ಥಟ್ಟನೆ ಎದ್ದಳು. "ಏನಾದರೂ ಪುರಾವೆ ಅದ ಏನಮ್ಮ? ಗುರುತಿನ ಚೀಟಿ?"

"ಇಲ್ರಿ. ಒಂದು ಮಾತದ. ದಿನಾ ಸಂಜೀಕ ಗೇಟಿನ್ಯಾಗ ನನ್ನ ಸೀರಿ ಬಿಚ್ಚಿಸಿ ಜಾಡಸತಿದ್ರಿ. ಇಲ್ಲಿ ಕುಂತಾನಲ್ಲ, ಆಗಾಗ ಬಂದು ಕೂತು ಹೋಗಾಂವ, ಇವನೇ. ನಾ ಇವರ ಆಳು ಅಲ್ಲಾಂದ್ರ, ಹಾದ್ಯಾಗ ಹೋಗೋ ಹೆಣ್ಮಗಳ ಸೀರಿ ಬಿಚ್ಚಿಸಿದ್ದಕ್ಕ ಇವರನ್ನ ಜೈಲಿಗಿ ಹಾಕ್ರಿ. ಆಳು ಹೌದಂದ್ರ, ತೊಗರಿ ತುಂಬಿ ಕೊಡಸ್ರಿ. ಎರಡರಾಗ ಒಂದು ಮಾಡ್ರಿ."

ಯಾರೋ ಹಿಂದೆ ಕೆಮ್ಮಿದರು. ಅಧ್ಯಕ್ಷರ ಪೆನ್ನು ಓಡುವುದು ನಿಂತಿತು. "ಮುಂದೆ ಹೇಳಿ," ಅಂದರು.

"ಕಳವು ನಾವೇ ಮಾಡೀವ್ರಿ."

ಜಹೀರುದ್ದೀನ್ ಅರ್ಧ ಎದ್ದರು. ಅವಳು ಅವರ ಕಡೆ ನೋಡಲಿಲ್ಲ.

"ಅಮಾಸಿ ದಿನ ಈ ಶಿವಶರಣಪ್ಪ ಬಂದು ಹೊಟ್ಟು ತುಂಬ್ರಿ ಅಂದ, ತುಂಬಿದೆ. ಬಾಯಿ ಹೊಲಿ ಅಂದ, ಹೊಲದೆ. ಮುಂದಿನ ಸಾಲಿಗಿ ಇಡಸು ಅಂದ, ಇಡಿಸ್ದೆ. ಲಾರಿ ಹೋದಮ್ಯಾಲ ಚೆಲ್ಲಿದ ಕಾಳು ಕಸಬರಗಿಲೆ ಬಳದೆ. ಯಾರ ಮಾಲು, ಎಲ್ಲಿ ಹೋಗ್ತದ ಅಂತ ಕೇಳ್ಲಿಲ್ಲ. ಕೇಳಿದ್ರ ಬೆತ್ತ ಇತ್ರಿ. ಹೋಟೆಲಿನ ಆಳಿಗಿ ಚಹಾ ಒಯ್ಯೋದು ಕೆಲಸ, ನಮಗ ಇವರ ಕಳವು ಮಾಡೋದು ಕೆಲಸ. ಕೆಲಸ ಮಾಡೀವಿ. ಅದಕ್ಕಿಂತ ಹಿಂದ ಯಾವ ದಿನಾನೂ ಇವರು ನನ್ನ ಕೆಲಸ ಸರಿ ಇಲ್ಲ ಅಂತ ಅಂದಿಲ್ರಿ."

"ಏ ರಂಡೇ, ನಾಲಿಗಿ ಸೀಳ್ತೀನಿ!" ಸಾಹುಕಾರ ಎದ್ದು ನಿಂತಿದ್ದ. "ನನ್ನ ಉಪ್ಪು ತಿಂದು ನನಗs..."

ಹೇಳಿ ಅರ್ಧಕ್ಕೇ ನಿಂತ. ಶೀಲಾ ಕಣ್ಣು ಮುಚ್ಚಿಕೊಂಡಳು. ಅಧ್ಯಕ್ಷರು ಸಾಹುಕಾರನಿಗೆ ಕೂತುಕೊಳ್ಳಿ ಎಂದು ಕೈಸನ್ನೆ ಮಾಡಿ, ಆ ಮಾತನ್ನೂ ಬರೆದುಕೊಂಡರು.

"ಚೀಲ ಹೊತ್ತವರು ಯಾರು?" ಎಂದು ಕೇಳಿದರು ಆಮೇಲೆ.

ಬಾಗಿಲ ಬಳಿ ರೇವಣ ನೆಲ ನೋಡುತ್ತಿದ್ದ.

"ಹೆಸರು ಕೇಳಬ್ಯಾಡ್ರಿ," ಅಂದಳು ಮಲ್ಕಮ್ಮ. "ನನ್ನ ಹೆಸರು ಬರ್ಕೋರಿ. ಅವರೂ ನನ್ನಂಗs, ಹೇಳಿದ್ದು ಹೊತ್ತಾರ."

ಸಾಹುಕಾರನ ಪರವಾಗಿ ಹೇಳಲು ಹಮಾಲರಲ್ಲಿ ಯಾರೂ ಮುಂದೆ ಬರಲಿಲ್ಲ. ವಿರುದ್ಧವಾಗಿಯೂ ಬರಲಿಲ್ಲ.

ತೀರ್ಪು ದೇವೀಂದ್ರಪ್ಪನ ಪರವಾಯಿತು. ಮಾಲೀಕನ ಗೋದಾಮಿನಲ್ಲಿ, ಮಾಲೀಕನ ಕೆಲಸದ ಮೇಲಿದ್ದ ಆಳುಗಳಿಂದಲೇ ಮಾಲು ಹೋಗಿದೆ, ಅವರೆಲ್ಲ ಅವನ ನೌಕರರೇ, ಮಾಲೀಕನೇ ತುಂಬಿಕೊಡಬೇಕು ಎಂದಾಯಿತು. ಹೊರಗೆ ಮೆಟ್ಟಿಲ ಮೇಲೆ ದೇವೀಂದ್ರಪ್ಪ ಜಹೀರುದ್ದೀನರ ಕೈ ಹಿಡಿದು ಕುಲುಕಿದ, ಪೇಢೆ ಹಂಚಿದ, ಯಾರಿಗೋ ಫೋನ್ ಹಚ್ಚಿ ನಕ್ಕ. ಮಲ್ಕಮ್ಮ ಅಲ್ಲೇ ಕಂಬದ ಬಳಿ ನಿಂತಿದ್ದಳು. ಅವಳ ಪಕ್ಕದಿಂದಲೇ ಇಳಿದು ಹೋದ. ಕಾಣಲಿಲ್ಲವೋ ಏನೋ. ಜೀಪಿನಿಂದ ಹೊಗೆ ಮಾತ್ರ ಅವಳಿಗೂ ಸಿಕ್ಕಿತು.

ಪೊಲೀಸ್ ಕೇಸು ಹಾಗೇ ಉಳಿಯಿತು. ಈಗ ಅದಕ್ಕೆ ಅವಳ ಬಾಯಿಮಾತೂ ಜೊತೆಯಾಗಿತ್ತು. ಹೊಸದೆಂದರೆ ಶಿವಶರಣನನ್ನೂ ಒಂದು ದಿನ ಠಾಣೆಗೆ ಕರೆದರು. ಅವನಿಗೆ ಬೆಂಚು ಕೊಟ್ಟರು. ಸಾಹುಕಾರ ಮೇಲಿನ ಕೋರ್ಟಿಗೆ ಅಪೀಲು ಹಾಕಿದ. ಅಲ್ಲಿಯೂ ಅದೇ ರಾಗ: ನನಗೆ ಆಳುಗಳೇ ಇಲ್ಲ.

ಮರುವಾರ ಒಂದು ಬೆಳಿಗ್ಗೆ ಮಲ್ಕಮ್ಮ ಕಮಲಾಪುರದಿಂದ ಮೊದಲ ಬಸ್ಸು ಹಿಡಿದು ಕೋಟನೂರಿನ ಗೋದಾಮಿನ ಗೇಟಿಗೆ ಬಂದಳು. ಹಿಂದೆ ಮಸ್ತಾನಬಿಯೂ ಇದ್ದಳು. ಗೇಟು ಅರ್ಧ ತೆರೆದಿತ್ತು. ಕುರ್ಚಿಯಲ್ಲಿ ಕೂತಿದ್ದ ಶಿವಶರಣ ಎದ್ದು ಗೇಟು ಎಳೆದುಕೊಂಡ.

"ಎಲ್ಲಿ ಬಂದೀ?"

"ಕೆಲಸಕ್ಕ."

"ಯಾರ ಕೆಲಸ? ಹುಚ್ಚು ಹಿಡದದೇನು?"

"ಕೋರ್ಟು ಹೇಳ್ಯಾದ, ನಾ ಇಲ್ಲಿನ ಆಳು ಅಂತ. ಬಾಗ್ಲಾ ತಗಿ. ಕಸ ಹೊಡೀಬೇಕು."

"ಕೋರ್ಟಿಗಿ ಹೋಗಿ ಕಸ ಹೊಡಿ ಹೋಗು!" ಅಂದ ಶಿವಶರಣ. ಕೀಲಿ ಹಾಕಿದ.

ಮಲ್ಕಮ್ಮ ಗೇಟಿನ ನಟ್ಟನಡುವೆ, ಲಾರಿಯ ಗಾಲಿ ತುಳಿದು ಗಟ್ಟಿಯಾದ ನೆಲದ ಮೇಲೆ ಕಾಲು ಚಾಚಿ ಕೂತಳು. ಮಸ್ತಾನಬಿ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಮೊದಲ ಲಾರಿ ಬಂದು ನಿಂತು ಹಾರನ್ ಹೊಡೆಯಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಟ್ರ್ಯಾಕ್ಟರುಗಳು. ಬಿಸಿಲು ಏರುವ ಹೊತ್ತಿಗೆ ಸಾಲು ಹೆದ್ದಾರಿಯವರೆಗೆ ಬೆಳೆದು, ಚಾಲಕರು ಇಳಿದು ಬಂದು ಗುಂಪುಗೂಡಿದರು. ಮಲ್ಕಮ್ಮ ಗಂಟು ಬಿಚ್ಚಿ, ರಾಧಿಕಾ ಕಟ್ಟಿಕೊಟ್ಟಿದ್ದ ರೊಟ್ಟಿಯ ಮೇಲೆ ಖಾರದ ಹಿಂಡಿ ಹಚ್ಚಿಕೊಂಡು ತಿನ್ನತೊಡಗಿದಳು.

ಸಾಹುಕಾರನ ಕಾರು ಸಾಲನ್ನು ಬಳಸಿಕೊಂಡು ಮುಂದೆ ಬಂತು. ಪಕ್ಕದ ಸೀಟಿನಲ್ಲಿ ವಕೀಲೆ ಶೀಲಾ ಇದ್ದಳು, ಗೋದಾಮು ನೋಡಬೇಕೆಂದು ಬಂದಿದ್ದಳು. ಸಾಹುಕಾರ ಇಳಿದ. ಮುಖ ಕೆಂಪಗಾಗಿತ್ತು.

"ಏಳಲೇ! ಏಳ್ತಿಯೊ ಇಲ್ಲೊ?"

ಅವಳು ಅಗಿಯುತ್ತಿದ್ದಳು.

"ಏ ರೇವಣಾ! ಎಲ್ಲಿ ಸತ್ತೀ? ಬಾ ಇಲ್ಲಿ. ಎಳದು ಒಗೀ ಈಕಿನ ಆ ಕಡಿ!"

ಒಳಗಿದ್ದ ಶಿವಶರಣ ಕೀಲಿ ತೆಗೆದ, ರೇವಣ ಹೊರಗೆ ಬಂದ. ಹೆಗಲ ಮೇಲೆ ಚೀಲ ಎಳೆಯುವ ಕೊಕ್ಕೆ ಇತ್ತು. ಅವನ ಬೆನ್ನಿಗೆ ಉಳಿದ ಹಮಾಲರು ಬಂದು ಗೇಟಿನ ಎರಡೂ ಬದಿಗೆ ನಿಂತರು. ರೇವಣ ಅಕ್ಕನನ್ನು ನೋಡಿದ. ಅಕ್ಕ ಅವನನ್ನು ನೋಡಲಿಲ್ಲ, ಮಸ್ತಾನಬಿಗೆ ರೊಟ್ಟಿ ಮುರಿದು ಕೊಡುತ್ತಿದ್ದಳು.

"ಏನ್ ನೋಡ್ತಿ ಮಗನ? ಹೇಳಿದ್ದು ಕೇಳಸ್ಲಿಲ್ಲೇನ?"

ರೇವಣ ಕೊಕ್ಕೆಯನ್ನು ಹೆಗಲಿನಿಂದ ಇಳಿಸಿದ. ಚಾಲಕರು, ಹಮಾಲರು, ಕಾರಿನ ಗಾಜು ಇಳಿಸಿದ್ದ ಶೀಲಾ, ಎಲ್ಲರೂ ಅವನ ಕಡೆ ನೋಡುತ್ತಿದ್ದರು.

"ನಾ ಯಾಕ ಎಳೀಲ್ರಿ ಸಾವ್ಕಾರ್ರ?" ಅಂದ. "ನಾ ನಿಮ್ಮ ಆಳೇನ್ರಿ?"

ಸಾಹುಕಾರ ಬಾಯಿ ತೆರೆದ. ಕಾರಿನೊಳಗಿನಿಂದ ಶೀಲಾ ಬೇಡ ಬೇಡ ಎಂದು ಕೈ ಅಲ್ಲಾಡಿಸುತ್ತಿದ್ದಳು. ಹಿಂದಿನ ಲಾರಿಗಳು ಹಾರನ್ ನಿಲ್ಲಿಸಿದವು.

"ಹೇಳ್ರಿ," ಅಂದ ರೇವಣ. "ಇಷ್ಟು ಮಂದಿ ಕೇಳಾಕತ್ತಾರ. ಹೌದೊ, ಅಲ್ಲೊ?"